ಕೆರೆ ಹಿನ್ನೀರಿನ 6 ಎಕರೆ ಜೌಗು ಹುಲ್ಲು: ಸಸಿ ನೆಡೋದಾ, ಹುಲ್ಲಾಗೇ ಉಳಿಸೋದಾ?

ಒಸರುನೆಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಾಗ ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ ಕೆರೆ. ಅಂಗಳ ಒಟ್ಟು 40 ಎಕರೆ ಚಿಲ್ಲರೆ. ಏರಿ ಕಡೆ ಅರ್ಧದಷ್ಟು ಜಾಗದಲ್ಲಿ ನೀರು ನಿಲ್ಲುತ್ತೆ. ಅದರ ಎದುರು ದಡ, ಅಂದರೆ ಗುಡ್ಡದ ಬುಡದಿಂದ ರಾಜಕಾಲುವೆ ಬಂದು ಸೇರೋ ಕಡೆ, ಸುಮಾರು 6 ಎಕರೆ ಜೌಗು ಹುಲ್ಲು ಇದೆ. ಮಣ್ಣು ಮರಳು ಮಿಶ್ರ, ಬೂದು ಬಣ್ಣ. ಆಶ್ಲೇಷ ಮಳೆ ಹೊತ್ತಿಗೆ ಕಾಲಿಟ್ಟ ಕಡೆ ನೀರು ಜಿನುಗೋಕೆ ಶುರುವಾಗಿ ಸಂಕ್ರಾಂತಿವರೆಗೂ ಹಾಗೇ ಇರುತ್ತೆ. ಶಿವರಾತ್ರಿ ಕಳೆದರೆ ಪೂರ್ತಿ ಒಣಗಿಬಿಡುತ್ತೆ.

ಅಲ್ಲಿರೋ ಗಿಡಗಳು: ಜೇಕಿನ (ಹುಲ್ಲಿನಂತೆ ಕಾಣೋ ಜೌಗಿನ ಗಿಡ) ಜಾತಿ ಕಡಿಮೆ ಅಂದರೂ ನಾಲ್ಕೈದು, ಗರಿಕೆ, ಒಂದೆಲಗ, ನೀರುಬ್ರಾಹ್ಮಿ, ಹೊನಗೊನೆ. ಗುಂಡುಪಿನ್ನಿನ ತಲೆಯಂಥ ಬಿಳಿ ಹೂವಿನ ಗಿಡ ಸಾವಿರಾರು. ಎಲೆಯೇ ಕಾಣದೆ ನೆಲದಿಂದ ನೇರ ಎದ್ದ ಹಳದಿ ಹೂ. ಒಸರು ಹರಿಯೋ ಮರಳಂಚಿನಲ್ಲಿ ರೂಪಾಯಿ ನಾಣ್ಯದಗಲ ಕೆಂಪು ಗಿಡ, ಎಲೆ ಮೇಲೆಲ್ಲ ಅಂಟು ಹನಿ.

ಪಂಚಾಯಿತಿಯಲ್ಲಿ ಈಗ ಇರೋ ಯೋಜನೆ ಅಂಗಳ ಪೂರ್ತಿ ಜೆಸಿಬಿಯಿಂದ ಹೂಳು ತೆಗೆಸಿ, ಈ 6 ಎಕರೆಗೆ ಬೇಲಿ ಹಾಕಿ, ಹೊಂಗೆ, ನೇರಳೆ ಸಸಿ 1500 ನೆಡೋದು. "ಬರೀ ಹುಲ್ಲು, ಪಾಳು ಜಾಗ" ಅನ್ನೋದು ಎಲ್ಲರ ಮಾತು. ಸಸಿ ನೆಟ್ಟರೆ ಇಲ್ಲಿರೋದೆಲ್ಲ ಹೋಗುತ್ತಾ? ಬೇಲಿ ಒಂದೇ ಹಾಕಿ ಬಿಟ್ಟರೆ ಸಾಕಾ? ಹೂಳು ಬೇಡ ಅನ್ನೋ ಹಾಗೂ ಇಲ್ಲ, ಊರಿಗೆ ನೀರು ಬೇಕು. ತಿಳಿದವರು ಬಿಡಿಸಿ ಹೇಳಿ.

---

ಜೇಕುಗಡ್ಡೆ

ನೀವು ಕೊನೆಯಲ್ಲಿ ಬರೆದ ಮೂರು ಗಿಡಗಳೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಿವೆ. ಗುಂಡುಪಿನ್ ತಲೆಯದು ಎರಿಯೊಕಾಲಾನ್. ಎಲೆ ಕಾಣದ ಹಳದಿ ಹೂ ಯುಟ್ರಿಕ್ಯುಲೇರಿಯಾ. ಕೆಂಪು ಅಂಟು ಗಿಡ ಡ್ರೋಸೆರಾ. ನೆಲಕ್ಕೆ ಚಕ್ರದಂತೆ ಅಂಟಿಕೊಂಡಿದ್ದರೆ ಡ್ರೋಸೆರಾ ಬರ್ಮನಿ, ಎದ್ದು ನಿಂತು ಎಲೆ ದಾರದಂತಿದ್ದರೆ ಡ್ರೋಸೆರಾ ಇಂಡಿಕಾ. ಈ ಮೂರೂ ಒಟ್ಟಿಗೆ ಇವೆ ಅಂದರೆ ಆ ಮಣ್ಣಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ, ನೀರು ಚೊಕ್ಕ, ಮತ್ತು ಆ ನೆಲವನ್ನು ಯಾರೂ ಬಹುಕಾಲ ಉತ್ತಿಲ್ಲ ಎಂದೇ ಅರ್ಥ. ಮಣ್ಣಲ್ಲಿ ಸಿಗದ ಸಾರಜನಕವನ್ನು ಡ್ರೋಸೆರಾ ಹುಳ ಹಿಡಿದು ಪಡೆಯುತ್ತೆ. ಯುಟ್ರಿಕ್ಯುಲೇರಿಯಾ ಅದೇ ಕೆಲಸವನ್ನು ನೆಲದೊಳಗೆ ಮಾಡುತ್ತೆ: ಒಂದು ಗಿಡವನ್ನು ಹಿಡಿ ಮಣ್ಣಿನ ಸಮೇತ ಎತ್ತಿ ಬಿಳಿ ತಟ್ಟೆಯ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿ. ಬೇರು ಇರೋದಿಲ್ಲ. ಕೂದಲೆಳೆಯಂಥ ದಾರ, ಅದರ ಮೇಲೆ ರಾಗಿಕಾಳಿಗಿಂತ ಚಿಕ್ಕ ಪಾರದರ್ಶಕ ಚೀಲಗಳು. ನೀರಿನ ಸೂಕ್ಷ್ಮಜೀವಿಗಳನ್ನು ಒಳಗೆ ಎಳೆದುಕೊಳ್ಳೋದು ಆ ಚೀಲಗಳೇ.

ನೆಲ ಸಾರವಿಲ್ಲದ್ದು ಅನ್ನೋದು ಇಲ್ಲಿ ದೋಷವಲ್ಲ. ಇಷ್ಟು ಬಗೆ ಗಿಡಗಳು ಒಂದೇ ಕಡೆ ಇರೋಕೆ ಕಾರಣವೇ ಅದು. ಸಾರ ಹೆಚ್ಚಾದರೆ ಬೇಗ ಎತ್ತರ ಬೆಳೆಯೋ ಎರಡು ಮೂರು ಹುಲ್ಲು ಬೆಳಕನ್ನೆಲ್ಲ ತಿಂದುಬಿಡುತ್ತವೆ, ಎರಡಂಗುಲದ ಗಿಡಗಳಿಗೆ ನೆರಳಲ್ಲಿ ಉಳಿಗಾಲವಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಇವತ್ತಿನವರೆಗೂ ನಡೀತಿರೋ ಹುಲ್ಲುಗಾವಲು ಪ್ರಯೋಗದಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ಗೊಬ್ಬರ ಹಾಕದ ಪಟ್ಟಿಗಳಲ್ಲಿ 35ಕ್ಕೂ ಹೆಚ್ಚು ಬಗೆ ಗಿಡಗಳಿವೆ. ವರ್ಷ ವರ್ಷ ಅಮೋನಿಯಂ ಸಲ್ಫೇಟ್ ತಿಂದು ಹುಳಿಯಾದ ಪಟ್ಟಿಗಳಲ್ಲಿ ಎರಡು ಮೂರು. ಅದು ಒಣ ನೆಲ, ದೇಶ ಬೇರೆ, ಗಿಡ ಬೇರೆ. ಕಾರಣ ಮಾತ್ರ ಅದೇ.

ಇನ್ನೊಂದು ಕಾರಣ ನೀರು. ತೇವ ತುಂಬಿದ ಮಣ್ಣಲ್ಲಿ ಆಮ್ಲಜನಕ ಗಾಳಿಯಲ್ಲಿ ಹರಡೋದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ ಹರಡುತ್ತೆ. ಸಾಮಾನ್ಯ ಗಿಡದ ಬೇರು ಉಸಿರುಗಟ್ಟಿ ಸಾಯುತ್ತೆ. ಜೇಕಿನ ಕಾಂಡವನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು ನೋಡಿ, ಒಳಗೆ ಸ್ಪಂಜಿನ ಹಾಗೆ ಗಾಳಿ ಕೊಳವೆಗಳಿರುತ್ತವೆ. ಎಲೆಯಿಂದ ಬೇರಿನ ತುದಿಗೆ ಗಾಳಿ ಇಳಿಯೋ ದಾರಿ ಅದು. ಒಂದು ಗುದ್ದಲಿ ಮಣ್ಣು ತೆಗೆದರೆ ಬೂದು ನೆಲದೊಳಗೆ ಬೇರಿನ ದಾರಿಯುದ್ದಕ್ಕೂ ತುಕ್ಕು ಬಣ್ಣದ ಗೆರೆ ಕಾಣುತ್ತೆ. ಬೇರಿನಿಂದ ಸೋರಿದ ಆಮ್ಲಜನಕ ಅಲ್ಲಿನ ಕಬ್ಬಿಣಕ್ಕೆ ತಾಗಿದ ಗುರುತು. ಕೆಲವು ಕಡೆ ಒಸರಿನ ನೀರ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣದ ಪೊರೆ ಕಾಣಬಹುದು. ಕಡ್ಡಿಯಿಂದ ಚುಚ್ಚಿ: ಚೂರು ಚೂರಾಗಿ ಒಡೆದು ಹಾಗೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾ, ಗಾಬರಿ ಬೇಡ. ಮತ್ತೆ ಕೂಡಿಕೊಂಡರೆ ಪಂಪಿನ ಡೀಸೆಲ್ಲೋ ಆಯಿಲ್ಲೋ ಸೇರಿದೆ.

ಸಸಿಯ ವಿಷಯ: ಈ 6 ಎಕರೆಯಲ್ಲಿ ಒಂದೂ ಬೇಡ. ನೆರಳು ಒಂದು ಕಾರಣ. ಗುಂಡಿ ತೋಡಿದಾಗ ಕೆಳಗಿನ ಮಣ್ಣು ಮೇಲೆ ಬರೋದು, ಜೊತೆಗೆ ಹಾಕೋ ಕೊಟ್ಟಿಗೆ ಗೊಬ್ಬರ ಇನ್ನೊಂದು. 1500 ಗುಂಡಿ ಅಂದರೆ ಸಾರವಿಲ್ಲದ ನೆಲದಲ್ಲಿ 1500 ಕಡೆ ಗೊಬ್ಬರದ ಚುಕ್ಕೆ ಇಟ್ಟ ಹಾಗೆ, ಕಾಂಗ್ರೆಸ್ ಗಿಡ ಮೊದಲು ಹುಟ್ಟೋದು ಅಲ್ಲೇ. ಮರ ಬೆಳೆದ ಮೇಲೆ ಹಕ್ಕಿ ಕೂತು ಲಂಟಾನ ಬೀಜ ಉದುರಿಸುತ್ತೆ. ಹೊಂಗೆ, ನೇರಳೆ, ಹೊಳೆಮತ್ತಿ ಎಲ್ಲ ಒಳ್ಳೆ ಮರಗಳೇ. ಅವಕ್ಕೆ ಜಾಗ ಕೋಡಿ ನೀರು ಹರಿಯೋ ಹಳ್ಳದ ದಂಡೆ, ಗುಂಡುತೋಪು, ಕೆರೆ ತುಂಬಿದಾಗ ನೀರು ಮುಟ್ಟೋ ಗೆರೆಗಿಂತ ಮೇಲಿನ ಒಣ ಅಂಚು. ಏರಿ ಮೇಲೆ ಮಾತ್ರ ದೊಡ್ಡ ಮರ ಬೇಡ. ಬೇರು ಸತ್ತು ಕೊಳೆತರೆ ಅದೇ ಕೊಳವೆಯಾಗಿ ನೀರು ಸೋರುತ್ತೆ.

---

ತೂಬಿನಬಾಯಿ

ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿ, ಎಷ್ಟು ಅನ್ನೋದರಲ್ಲೇ ಎಲ್ಲ ಇರೋದು.

ನೀರು ಸಂಗ್ರಹ ಆಗೋದು ಏರಿ ಕಡೆಯ ಆಳದಲ್ಲಿ. ಗೋಡು, ಅಂದರೆ ಹೂಳಿನ ನುಣ್ಣನೆ ಮಣ್ಣು, ಕೂತಿರೋದೂ ಅಲ್ಲೇ ಹೆಚ್ಚು, ರೈತರು ಹೊಲಕ್ಕೆ ಹೊಡೆಯೋಕೆ ಕೇಳೋದೂ ಆ ಕಪ್ಪು ಗೋಡನ್ನೇ. ಹಿನ್ನೀರಿನ ಅಂಚಲ್ಲಿ ಸಿಗೋದು ಮರಳು. ಅಲ್ಲಿ ಒಂದಡಿ ಕೆರೆದರೂ ಕೆರೆಗೆ ಸಿಗೋ ನೀರು ಅಲ್ಪ, ಯಾಕೆಂದರೆ ವರ್ಷದಲ್ಲಿ ನೀರು ಅಲ್ಲಿಗೆ ಮುಟ್ಟೋ ದಿನಗಳೇ ಕಡಿಮೆ. ಆದರೆ ಆ ಒಂದಡಿಯಲ್ಲಿ ನಿಮ್ಮ ಗಿಡಗಳ ಬೀಜವೆಲ್ಲ ಹೋಗುತ್ತೆ. ಬದುಕಿರೋ ಬೀಜದಲ್ಲಿ ಬಹುಪಾಲು ಇರೋದು ಮೇಲಿನ 5 ರಿಂದ 10 ಸೆಂಟಿಮೀಟರಿನಲ್ಲಿ.

ಜೆಸಿಬಿ ಒಳಗೆ ಇಳಿಯೋ ಮುಂಚೆ ಸುಣ್ಣದ ಗೆರೆ ಹಾಕಿಸಿ. ಜೌಗಿನ ಕೆಳ ಅಂಚಿನಿಂದ ಏರಿ ಕಡೆಗೆ 20 ಮೀಟರ್ ಬಿಟ್ಟು ಗೆರೆ ಎಳೆದು, 10 ಮೀಟರಿಗೊಂದು ಕಲ್ಲು ನೆಡಿ. ಸುಣ್ಣ ಒಂದು ಮಳೆಗೆ ಹೋಗುತ್ತೆ, ಕಲ್ಲು ಇರುತ್ತೆ. ಈ 20 ಮೀಟರ್ ಯಾಕೆಂದರೆ, ಜೌಗಿನ ಪಕ್ಕದಲ್ಲೇ ಆಳದ ಗುಂಡಿ ತೋಡಿದರೆ ಒಸರಿನ ನೀರು ಆ ಗುಂಡಿಗೆ ಇಳಿದುಹೋಗುತ್ತೆ. ಜೌಗನ್ನು ಮುಟ್ಟದೆಯೇ ಒಣಗಿಸೋ ದಾರಿ ಅದು. ಹೀಗೆ ಹಾಳಾದ ಕೆರೆಗಳಲ್ಲಿ ಮೊದಲ ವರ್ಷ ಏನೂ ಗೊತ್ತಾಗಲ್ಲ, ಎರಡು ಮೂರು ವರ್ಷಕ್ಕೆ ಎರಿಯೊಕಾಲಾನ್ ಜಾಗಕ್ಕೆ ತುಂಬೆ ಗಿಡ ಬಂದಿರುತ್ತೆ.

ಗುಂಡಿಯ ದಡ ಕಡಿದಾಗಿ ಬಿಡಬಾರದು. 1 ಅಡಿ ಇಳಿಯೋಕೆ 10 ಅಡಿ ಓಟ ಇರೋ ಇಳಿಜಾರು ಮಾಡಿಸಿ. ದನಕ್ಕೂ ಮಕ್ಕಳಿಗೂ ಅಪಾಯ ಇಲ್ಲ, ನೀರು ಹಿಂದೆ ಸರಿದ ಹಾಗೆಲ್ಲ ಹೊಸ ಕೆಸರಿನ ಪಟ್ಟಿ ತೆರೆದುಕೊಂಡು ಅಲ್ಲೂ ಗಿಡ ಹುಟ್ಟುತ್ತೆ. ತೆಗೆದ ಮಣ್ಣನ್ನು ಜೌಗಿನ ಮೇಲೆ ರಾಶಿ ಹಾಕೋದು, ಟ್ರ್ಯಾಕ್ಟರ್ ದಾರಿ ಮಾಡೋದು ಎರಡೂ ಕೂಡದು. ದಾರಿಯನ್ನು ಏರಿ ಪಕ್ಕದಿಂದಲೇ ಮಾಡಿ. ಕೆಲಸ ಶಿವರಾತ್ರಿ ಕಳೆದ ಮೇಲೆ ಶುರುವಾಗಿ ಕೃತ್ತಿಕೆ ಮಳೆಗೆ ಮುಂಚೆ ಮುಗಿಯಲಿ. ಒದ್ದೆ ನೆಲದ ಮೇಲೆ ಒಂದು ಸಲ ಜೆಸಿಬಿ ಓಡಿದರೂ ಮಣ್ಣು ಅದುಮಿಕೊಂಡು, ಆ ಗಾಲಿ ಗುರುತು ವರ್ಷಾನುಗಟ್ಟಲೆ ಉಳಿಯುತ್ತೆ.

ಕೋಡಿ ಎತ್ತರ ಏರಿಸೋ ಮಾತು ಬಂದರೆ ಹುಷಾರಾಗಿರಿ. ಕೋಡಿಯನ್ನು ಅರ್ಧ ಅಡಿ ಎತ್ತರಿಸಿದರೆ ಏರಿ ಕಡೆ ಏನೂ ವ್ಯತ್ಯಾಸ ಕಾಣಲ್ಲ, ಆದರೆ ಹಿನ್ನೀರಿನ ಕಡೆ ನೆಲ ಚಪ್ಪಟೆ ಇರೋದರಿಂದ ನೀರು ಬಹಳ ಒಳಗೆ ನುಗ್ಗುತ್ತೆ. ತಿಂಗಳುಗಟ್ಟಲೆ ಮುಳುಗಿದ ಜೌಗು ಹುಲ್ಲು ಜೌಗು ಹುಲ್ಲಾಗಿ ಉಳಿಯಲ್ಲ, ಆಪು (ಆಳೆತ್ತರದ ಜೊಂಡು) ಬೆಳೆಯೋ ಕೆರೆಯಂಚಾಗುತ್ತೆ.

---

ಒಸರುನೆಲ

ಇಬ್ಬರಿಗೂ ತುಂಬಾ ಧನ್ಯವಾದ. ತುಕ್ಕು ಗೆರೆ ಇವತ್ತು ಬೆಳಿಗ್ಗೆ ನೋಡಿದೆ, ಹೇಳಿದ ಹಾಗೇ ಇದೆ. 20 ಮೀಟರ್ ಗೆರೆಗೆ ಎಂಜಿನಿಯರ್ ಒಪ್ಪುತ್ತಾರೆ ಅನ್ನಿಸುತ್ತೆ. ಈಗ ಬೇಲಿ ವಿಷಯ. ಅಲ್ಲಿ ಊರ ದನ ಮೇಯುತ್ತವೆ, ಬೇಸಿಗೆಯಲ್ಲಿ ಹೊರಗಿನ ಕುರಿ ಮಂದೆಗಳೂ ಬರುತ್ತವೆ. ಎಲ್ಲ ನಿಲ್ಲಿಸಬೇಕಾ? ಮೇಲ್ಗಡೆ ಅಂಚಲ್ಲಿ ಬಳ್ಳಾರಿ ಜಾಲಿಯೂ ಇಳೀತಾ ಇದೆ.

---

ಬಯಲುಮೇವು

ಮೇಯಿಸೋದು ನಿಲ್ಲಿಸಬೇಡಿ ಸರ್. ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಮೊದಲ ವರ್ಷ ಹೂ ಚೆನ್ನಾಗಿ ಬರುತ್ತೆ, ಎಲ್ಲರೂ ಖುಷಿಪಡ್ತಾರೆ. ಮೂರನೇ ವರ್ಷಕ್ಕೆ ಎತ್ತರದ ಹುಲ್ಲು ಮಲಗಿ, ಅದರ ಒಣ ಕಡ್ಡಿ ನೆಲಕ್ಕೆ ಚಾಪೆ ಹಾಸಿದ ಹಾಗಾಗುತ್ತೆ. ಡ್ರೋಸೆರಾ ಬೀಜ ಪುಡಿ ಇದ್ದ ಹಾಗೆ, ತೆರೆದ ಒದ್ದೆ ಮಣ್ಣು ಸಿಗದಿದ್ದರೆ ಮೊಳೆಯೋದೇ ಇಲ್ಲ. ದನದ ಗೊರಸಿನ ಗುರುತು ಇದೆಯಲ್ಲ, ಅದು ಈ ಪುಟ್ಟ ಗಿಡಗಳಿಗೆ ತೊಟ್ಟಿಲು. ಎರಡಂಗುಲ ತಗ್ಗು, ಅದರಲ್ಲಿ ನಿಂತ ತೇವ, ಸುತ್ತ ಹುಲ್ಲಿಲ್ಲ.

ಆದರೆ ಯಾವಾಗ ಮೇಯಿಸೋದು ಅನ್ನೋದಕ್ಕೆ ಕಟ್ಟು ಇರಬೇಕು. ನಮ್ಮ ಕಡೆ ಮಳೆ ಹೆಚ್ಚು ಬೀಳೋದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗಿಡಗಳ ಹೂ, ಬೀಜ ಎಲ್ಲ ಅದರ ಹಿಂದೆಯೇ. ಹಾಗಾಗಿ ಹುಬ್ಬೆ ಮಳೆ ಶುರುವಿನಿಂದ, ಅಂದರೆ ಆಗಸ್ಟ್ ಕೊನೆಯಿಂದ, ನವೆಂಬರ್ ಕೊನೆವರೆಗೆ ದನ ಬಿಡಬೇಡಿ. ಡಿಸೆಂಬರಿನಲ್ಲಿ ಜೇಕಿನ ತೆನೆ ಕೈಯಲ್ಲಿ ಉಜ್ಜಿದರೆ ಕಾಳು ಉದುರೋ ಹೊತ್ತಿಗೆ ಹುಲ್ಲು ಕೊಯ್ಯಿಸಿ. ಕುಡುಗೋಲಿನಲ್ಲಿ ಸುಮಾರು ಅರ್ಧ ಗೇಣು, 10 ಸೆಂಟಿಮೀಟರ್ ಬುಡ ಬಿಟ್ಟು. ಕೊಯ್ದಿದ್ದನ್ನು ಎರಡು ದಿನ ಅಲ್ಲೇ ಒಣಗಿಸಿ, ಒದರಿ, ಬೀಜ ಉದುರಿದ ಮೇಲೆ ಹೊರೆ ಕಟ್ಟಿ ಹೊರಗೆ ಸಾಗಿಸಿ. ಈ ಸಾಗಿಸೋದೇ ಮುಖ್ಯ. ಕೊಯ್ದು ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರ ಆಗುತ್ತೆ, ಮೇಲಿನವರು ಹೇಳಿದ ಸಾರದ ತೊಂದರೆ ಅಲ್ಲಿಂದಲೇ ಶುರು. ಪೂರ್ತಿ 6 ಎಕರೆ ಒಂದೇ ಸಲ ಕೊಯ್ಯಬೇಡಿ. ಎರಡೆರಡು ಎಕರೆಯ ಮೂರು ಪಟ್ಟಿ ಮಾಡಿ, ವರ್ಷಕ್ಕೊಂದು ಪಟ್ಟಿಯನ್ನು ಸರದಿಯಲ್ಲಿ ಹಾಗೇ ಬಿಡಿ, ಹುಳು ಹಕ್ಕಿಗೆ ಮರೆ ಬೇಕು. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ದನ ಮೇಯಲಿ. ಟಿಟ್ಟಿಭ ಹಕ್ಕಿ ಮಾರ್ಚಿನಿಂದ ನೆಲದ ಮೇಲೇ ಮೊಟ್ಟೆ ಇಡುತ್ತೆ. ತಲೆ ಮೇಲೆ ಹಾರಿ ಕೂಗ್ತಿದ್ದರೆ ಆ ಮೂಲೆ ಬಿಟ್ಟು ಮೇಯಿಸಿ.

ಮುಂಗಾರಿನಲ್ಲಿ ಬಿಡಬಹುದಾ ಅಂದರೆ, ನಡೆದಾಗ ಕಾಲು ಎರಡಂಗುಲಕ್ಕಿಂತ ಹೆಚ್ಚು ಹೂತರೆ ಬೇಡ. ಅಷ್ಟು ಒದ್ದೆ ನೆಲದಲ್ಲಿ ದನ ಓಡಾಡಿದರೆ ಗೊರಸಿನ ಗುರುತು ತೊಟ್ಟಿಲಾಗಲ್ಲ, ನೆಲವೆಲ್ಲ ಕಲಸಿ ರೊಚ್ಚೆಯಾಗಿ ಬೇರು ಕಿತ್ತುಬರುತ್ತೆ.

ಕುರಿ ಮಂದೆ ಹಗಲು ಮೇಯ್ದು ಹೋಗಲಿ. ರಾತ್ರಿ ಮಂದೆ ಕೂರಿಸೋದು ಮಾತ್ರ ಈ ಜಾಗದಲ್ಲಿ ಖಂಡಿತ ಬೇಡ. ಹೊಲಕ್ಕೆ ಮಂದೆ ಕೂರಿಸೋದು ಯಾವ ಕಾರಣಕ್ಕೆ ಒಳ್ಳೇದೋ, ಅದೇ ಕಾರಣಕ್ಕೆ ಇಲ್ಲಿ ಕೆಟ್ಟದ್ದು. ಹಿಕ್ಕೆ, ಗಂಜಲ ಎಲ್ಲ ಒಂದೇ ಕಡೆ ಬೀಳುತ್ತೆ. ಕುರಿಯವರಿಗೆ ಪಕ್ಕದ ಖಾಲಿ ಹೊಲ ತೋರಿಸಿದರೆ ರೈತನಿಗೂ ಲಾಭ.

ಬಳ್ಳಾರಿ ಜಾಲಿ: ಮೇಲೆ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತೆ. ಚಿಗುರೋ ಕಣ್ಣು ಇರೋದು ನೆಲದ ಕೆಳಗೆ ಬೇರು ಕಾಂಡ ಕೂಡೋ ಗಂಟಿನಲ್ಲಿ. ಸುತ್ತ ಅಗೆದು ನೆಲಮಟ್ಟದಿಂದ ಒಂದಡಿ ಕೆಳಗೆ ಬೇರು ಕಡಿದು, ಗಂಟು ಸಮೇತ ಎತ್ತಬೇಕು. ಹೆಬ್ಬೆರಳು ದಪ್ಪದ ಸಸಿಗಳನ್ನು ಮಳೆ ಬಿದ್ದ ಮಾರನೇ ದಿನ ಕೈಯಿಂದಲೇ ಕೀಳಬಹುದು. ಆಳೆತ್ತರದವು ಬೇಸಿಗೆಗೆ ಇರಲಿ, ಜೌಗಿನಲ್ಲಿ ಜೆಸಿಬಿ ತರಬೇಡಿ, ಹಾರೆ ಪಿಕಾಸಿಯಿಂದ ಆಗುತ್ತೆ. ಕಾಯಿ ಹಣ್ಣಾಗೋ ಮುಂಚೆ ಮಾಡಬೇಕು. ಕಾಯಿ ತಿಂದ ದನ, ಮೇಕೆಯ ಹೊಟ್ಟೆಯಿಂದ ಬೀಜ ಜೀವಂತವಾಗೇ ಬಂದು ಸಗಣಿಯಲ್ಲೇ ಮೊಳೆಯುತ್ತೆ. ತೆಗೆದ ಗುಂಡಿಗೆ ಅದೇ ಮಣ್ಣು ತುಂಬಿ ತುಳಿದುಬಿಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಒಂದು ಸುತ್ತು ಹೋಗಲೇಬೇಕು, ಉಳಿದ ಬೇರಿನಿಂದ ಕೆಲವಾದರೂ ಎದ್ದಿರುತ್ತವೆ.

---

ಪಾಲಾರ್‌ದಂಡೆ

ಕೋಲಾರದ ಕಡೆಯಿಂದ ಒಂದು ಎಚ್ಚರಿಕೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಬರ್ತಾ ಇದೆ, ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ–ನಾಗವಾರ ಕಣಿವೆಯದು. ಬತ್ತಿದ ಕೊಳವೆಬಾವಿಗಳ ನಾಡಿಗೆ ನೀರು ಬಂದಿದ್ದರ ಬೆಲೆ ಇಲ್ಲಿಯವರಿಗೆ ಗೊತ್ತು, ಅದನ್ನು ಅಲ್ಲಗಳೆಯೋ ಮಾತಲ್ಲ. ಆದರೆ ಹಿನ್ನೀರಿನ ಹುಲ್ಲಿನ ದೃಷ್ಟಿಯಿಂದ ಎರಡು ಬದಲಾವಣೆ ಒಟ್ಟಿಗೆ ಆಗುತ್ತೆ. ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರಿನಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗಿರೋದಿಲ್ಲ. ಜೊತೆಗೆ ಕೆರೆ ವರ್ಷಪೂರ್ತಿ ತುಂಬಿರುತ್ತೆ, ನೀರು ಹಿಂದೆ ಸರಿಯೋ ಕಾಲವೇ ಇರಲ್ಲ. ಬೇಸಿಗೆಯಲ್ಲಿ ತೆರೆದ ಕೆಸರಲ್ಲಿ ಮೊಳೆತು ಎರಡು ತಿಂಗಳಲ್ಲಿ ಬೀಜ ಕಟ್ಟೋ ಗಿಡಗಳಿಗೆ ನೆಲವೇ ಸಿಗೋದಿಲ್ಲ. ಆ ಜಾಗವನ್ನು ಆಪು ತುಂಬುತ್ತೆ.

ನಿಮ್ಮ ಕೆರೆಗೆ ಅಂಥ ನೀರು ಬರದಿದ್ದರೂ ಮೇಲಿನ ಹೊಲಗಳಲ್ಲಿ ಟೊಮೊಟೊ, ಹಿಪ್ಪುನೇರಳೆ, ಹೂ ಇದ್ದರೆ ರಸಗೊಬ್ಬರ ರಾಜಕಾಲುವೆಯಲ್ಲಿ ಬಂದೇ ಬರುತ್ತೆ. ರಂಜಕ ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡು ಬರೋದರಿಂದ, ಮಣ್ಣನ್ನು ತಡೆದರೆ ಅದೂ ತಡೆದ ಹಾಗೆ. ಕಾಲುವೆ ಜೌಗಿಗೆ ಸೇರೋ ಮುಂಚೆ 4 ಮೀಟರ್ ಉದ್ದ, 3 ಮೀಟರ್ ಅಗಲ, 1 ಮೀಟರ್ ಆಳದ ಹೂಳುಗುಂಡಿ ಮಾಡಿ, ಅದರಿಂದಾಚೆ ಕಾಲುವೆಗೆ ಅಡ್ಡಲಾಗಿ ಲಾವಂಚದ ಎರಡು ಸಾಲು ಹಾಕಿ. ಕಂತೆಯಿಂದ ಕಂತೆಗೆ 15 ಸೆಂಟಿಮೀಟರ್, ಸಾಲಿಂದ ಸಾಲಿಗೆ ಒಂದು ಮೀಟರ್. ನಾಟಿಗೆ ಕಾಲ ಆರಿದ್ರಾ, ಪುನರ್ವಸು. ಹೂಳುಗುಂಡಿಯನ್ನು ವರ್ಷಕ್ಕೊಮ್ಮೆ ಬರಿದು ಮಾಡದಿದ್ದರೆ ತುಂಬಿ ಮೇಲೆ ಹರಿದು, ಮಾಡಿದ್ದೆಲ್ಲ ವ್ಯರ್ಥ. ಗುಡ್ಡದ ಒಸರು ಬೇರೆ, ಕಾಲುವೆ ನೀರು ಬೇರೆ. ಡ್ರೋಸೆರಾ ಇರೋದು ಒಸರಿನ ದಾರಿಯಲ್ಲಿ ತಾನೆ? ಕಾಲುವೆ ನೀರನ್ನು ಆ ಕಡೆ ತಿರುಗಿಸೋ ಯಾವ ಕೆಲಸವೂ ಆಗದ ಹಾಗೆ ನೋಡಿಕೊಳ್ಳಿ.

ಇನ್ನೊಂದು, ಹೊನಗೊನೆ ಅಂದಿರಿ. ಒಮ್ಮೆ ಹತ್ತಿರದಿಂದ ನೋಡಿ. ನಮ್ಮ ಹೊನಗೊನೆಗೆ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲೇ ಅಂಟಿಕೊಂಡಿರುತ್ತೆ, ತೊಟ್ಟು ಇರಲ್ಲ. ಹೊರನಾಡಿನಿಂದ ಬಂದ ಆಲ್ಟರ್ನಾಂಥೆರಾ ಫಿಲಾಕ್ಸೆರಾಯ್ಡಿಸ್‌ಗೆ ಬೆರಳುದ್ದ ತೊಟ್ಟಿನ ತುದಿಯಲ್ಲಿ ಹೂಗುಂಡು, ಕಾಂಡ ಹಿಚುಕಿದರೆ ಟೊಳ್ಳು. ಬೆರಕೆ ಸೊಪ್ಪಿಗೆ ಕೊಯ್ಯೋ ಹೆಂಗಸರಿಗೆ ಈ ವ್ಯತ್ಯಾಸ ಒಂದು ಸಲ ತೋರಿಸಿಬಿಡಿ, ದಿನಾ ಆ ನೆಲ ನೋಡೋ ಕಣ್ಣು ಅವರದ್ದೇ. ಎರಡನೆಯದು ಸಿಕ್ಕರೆ ಗಿಣ್ಣು ಗಿಣ್ಣಿನಿಂದ ಬೇರು ಬಿಡುತ್ತೆ, ತುಂಡು ಮಾಡಿ ಕೀಳಬೇಡಿ. ಸುತ್ತಲಿನ ಮಣ್ಣಿನ ಸಮೇತ ಎತ್ತಿ ಗೋಣಿಚೀಲಕ್ಕೆ ಹಾಕಿ, ಕೆರೆಯಿಂದ ದೂರ ಬಂಡೆ ಮೇಲೆ ಒಣಗಿಸಿ ಸುಟ್ಟುಬಿಡಿ.

---

ಒಸರುನೆಲ

ನೋಡಿದೆ. ಒಸರಿನ ಕಡೆ ಇರೋದೆಲ್ಲ ತೊಟ್ಟಿಲ್ಲದ್ದೇ. ಕಾಲುವೆ ಬಾಯಿಯಲ್ಲಿ ಒಂದು ಚಾಪೆಯಗಲ ಟೊಳ್ಳು ಕಾಂಡದ್ದು ಇದೆ! ನಾಳೆಯೇ ತೆಗೆಸ್ತೀವಿ. ಪಂಚಾಯಿತಿ ಮುಂದೆ ಇಡೋಕೆ ಬರವಣಿಗೆಯಲ್ಲಿ ಏನಾದರೂ ಬೇಕು. ಗಿಡಗಳ ಲೆಕ್ಕ ಹೇಗೆ ಮಾಡೋದು?

---

ಜೇಕುಗಡ್ಡೆ

ಅರ್ಧ ಇಂಚಿನ ಪಿವಿಸಿ ಪೈಪು ಒಂದೊಂದು ಮೀಟರಿನವು ನಾಲ್ಕು, ಎಲ್ಬೋ ನಾಲ್ಕು ತಗೊಂಡು ಚೌಕ ಮಾಡಿ. 10 ಸೆಂಟಿಮೀಟರಿಗೊಂದು ತೂತು ಕೊರೆದು ಎರಡೂ ಕಡೆಯಿಂದ ನೈಲಾನ್ ದಾರ ಎಳೆದರೆ ಒಳಗೆ 100 ಮನೆ. ಒಂದು ಗಿಡ ಎಷ್ಟು ಮನೆಯಲ್ಲಿದೆ ಅನ್ನೋದೇ ಅದರ ಶೇಕಡಾ ಲೆಕ್ಕ. ಎಲ್ಬೋಗೆ ಗಮ್ ಹಾಕಬೇಡಿ, ಬಿಚ್ಚಿ ಸಾಗಿಸೋಕೆ ಬೇಕು.

ಚೌಕವನ್ನು ಚೆನ್ನಾಗಿ ಕಂಡ ಕಡೆ ಇಡೋದೇ ಎಲ್ಲರೂ ಮಾಡೋ ತಪ್ಪು. ಮೇಲಿನ ಒಣ ಅಂಚಿನಿಂದ ನೀರಿನ ಅಂಚಿಗೆ ಹಗ್ಗ ಎಳೆದು, 5 ಮೀಟರಿಗೊಂದು ಚೌಕ ಇಡಿ, ಅಲ್ಲಿ ಏನೇ ಇರಲಿ. ಅಂಥ ಹಗ್ಗ ಮೂರು ಸಾಕು. ಪ್ರತಿ ಚೌಕದ ಹತ್ತಿರ ನೆಲದ ಎತ್ತರವನ್ನೂ ಅಳೀಬೇಕು. ಗಾರೆಯವರು ಮಟ್ಟ ನೋಡೋ ನೀರಿನ ಟ್ಯೂಬು ಇದಕ್ಕೆ ಸಾಕು. ಒಳಗೆ ಒಂದೇ ಒಂದು ಗಾಳಿಗುಳ್ಳೆ ಇದ್ದರೂ ಮಟ್ಟ ತಪ್ಪುತ್ತೆ, ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ನೀರು ಸಮ ನಿಂತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಈ ಎತ್ತರದ ಪಟ್ಟಿಯನ್ನು ಗಿಡದ ಪಟ್ಟಿಯ ಪಕ್ಕ ಬರೆದಾಗ, ಒಂದು ಗೇಣು ಏರಿಳಿತಕ್ಕೆ ಗಿಡಗಳು ಹೇಗೆ ಬದಲಾಗುತ್ತವೆ ಅನ್ನೋದು ಕಾಗದದ ಮೇಲೆ ಕಾಣುತ್ತೆ. ಕೋಡಿ ಎತ್ತರಿಸೋ ಮಾತಿಗೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಮೂರು ಸಲ ಹೋಗಿ: ಮಖೆ ಮಳೆಯ ಹೊತ್ತಿಗೆ, ಚಿತ್ತೆ–ಸ್ವಾತಿ ನಡುವೆ, ಸಂಕ್ರಾಂತಿ ಆಸುಪಾಸು. ಮೊದಲ ಸಲ ಕಂಡ ರೋಟಾಲಾ, ಡೋಪಾಟ್ರಿಯಂನಂಥ ಪುಟ್ಟ ಜೌಗು ಗಿಡಗಳು ಕೊನೆಯ ಸಲ ಇರೋದಿಲ್ಲ.

ಹೆಸರು ಗೊತ್ತಾಗದ್ದಕ್ಕೆ: ಕಾಂಡವನ್ನು ಎರಡು ಬೆರಳಲ್ಲಿ ಹೊರಳಿಸಿ. ಮೂರು ಏಣು ಇದ್ದು ಗಿಣ್ಣು ಕಾಣದಿದ್ದರೆ ಬಹುಮಟ್ಟಿಗೆ ಜೇಕಿನ ಬಳಗ. ಗುಂಡಗಿದ್ದು ಗಿಣ್ಣು ಇದ್ದರೆ ಹುಲ್ಲು. ಜೇಕಿನ ಫೋಟೊ ಬರೀ ಮೇಲ್ಭಾಗದ್ದು ತೆಗೆದರೆ ಯಾರಿಂದಲೂ ಗುರುತು ಹಿಡಿಯೋಕಾಗಲ್ಲ. ಬುಡ, ಗಡ್ಡೆ, ತೆನೆ, ಮತ್ತು ಅಂಗೈಯಲ್ಲಿ ಉಜ್ಜಿ ತೆಗೆದ ಮಾಗಿದ ಕಾಳು, ಪಕ್ಕದಲ್ಲಿ ಸ್ಕೇಲು. ಜೇಕಿನ ಬಳಗದ ಫಿಂಬ್ರಿಸ್ಟೈಲಿಸ್, ಸೈಪರಸ್ ಜಾತಿಗಳನ್ನು ಕಾಳು ನೋಡದೆ ಬೇರ್ಪಡಿಸೋದು ಕಷ್ಟ.

ಒಣಗಿದ ಮೇಲೆ ಮಾರ್ಚಿನಲ್ಲಿ ಇನ್ನೊಂದು ಕೆಲಸ ಮಾಡಿದರೆ ತುಂಬಾ ಒಳ್ಳೇದು. 20 ಕಡೆಯಿಂದ ಮೇಲಿನ 5 ಸೆಂಟಿಮೀಟರ್ ಮಣ್ಣು ತಂದು, ಕಲ್ಲು, ಬೇರು ಆರಿಸಿ, ಕಲಸಿ, ಎರಡು ಟ್ರೇಯಲ್ಲಿ ತೊಳೆದ ಮರಳಿನ ಮೇಲೆ ಒಂದು ಸೆಂಟಿಮೀಟರ್ ದಪ್ಪ ಹರಡಿ. ಒಂದನ್ನು ಬರೀ ಒದ್ದೆ ಇಡಿ, ಇನ್ನೊಂದರಲ್ಲಿ ಎರಡು ಸೆಂಟಿಮೀಟರ್ ನೀರು ನಿಲ್ಲಿಸಿ. ಬರೀ ಮರಳಿನ ಮೂರನೇ ಟ್ರೇ ಪಕ್ಕದಲ್ಲಿರಲಿ, ಅದರಲ್ಲಿ ಹುಟ್ಟಿದ್ದು ಗಾಳಿಯಲ್ಲಿ ಬಂದ ಕಳೆ, ಲೆಕ್ಕದಿಂದ ಕಳೆಯಿರಿ. ಹತ್ತು ವಾರ ಎಣಿಸಿ. ಪಂಚಾಯಿತಿ ಸಭೆಯ ಮೇಜಿನ ಮೇಲೆ ಆ ಎರಡು ಟ್ರೇ ಇಟ್ಟರೆ, "ಬರೀ ಹುಲ್ಲು" ಅನ್ನೋರಿಗೆ ಒಂದೇ ಮಣ್ಣಿನಿಂದ ಎಷ್ಟು ಬಗೆ ಬರುತ್ತೆ ಅಂತ ಕಣ್ಣಾರೆ ಕಾಣುತ್ತೆ.

---

ಪಹಣಿಪುಟ

ಕಾಗದದ ದಾರಿ ಚುಟುಕಾಗಿ. 2017ರ ಕೇಂದ್ರದ ಜೌಗು ಪ್ರದೇಶ ನಿಯಮಗಳನ್ನು ನಂಬಿ ಅರ್ಜಿ ಬರೀಬೇಡಿ. ನೀರಾವರಿಗೆ, ಕುಡಿಯೋ ನೀರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳನ್ನು ಅವು ಹೊರಗಿಟ್ಟಿವೆ. ನಿಮಗೆ ಉಪಯೋಗ ಬರೋದು 2002ರ ಜೀವವೈವಿಧ್ಯ ಕಾಯ್ದೆ. ಅದರ 41ನೇ ಕಲಂ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅದರ ಕೆಲಸ. ನಿಮ್ಮ ಪಟ್ಟಿ, ನಕ್ಷೆ, ಫೋಟೊ ಮೊದಲು ಅದರಲ್ಲಿ ಸೇರಲಿ. ಆಮೇಲೆ ಬೇಕಿದ್ದರೆ 37ನೇ ಕಲಂ ಅಡಿ ಪಾರಂಪರಿಕ ತಾಣ ಅಂತ ಕೇಳಬಹುದು. ದೇವನಹಳ್ಳಿಯ ನಲ್ಲೂರು ಹುಣಸೆತೋಪಿಗೆ 2007ರಲ್ಲಿ ಸಿಕ್ಕಿದ್ದು ಆ ಮಾನ್ಯತೆಯೇ.

6 ಎಕರೆಯ ಪಹಣಿ ಇವತ್ತೇ ತೆಗೆಸಿ. ಕೆರೆ ಅಂಗಳವಾ, ಖರಾಬಾ, ಗೋಮಾಳವಾ ನೋಡಿ. ಗೋಮಾಳ ಆಗಿದ್ದರೆ 100 ರಾಸಿಗೆ 30 ಎಕರೆ ಇರಬೇಕು ಅನ್ನೋ ಭೂಕಂದಾಯ ನಿಯಮ ನಿಮ್ಮ ಪರ ಇದೆ, ಊರ ರಾಸುಗಳ ಲೆಕ್ಕ ಪಶು ಆಸ್ಪತ್ರೆಯಲ್ಲಿ ಸಿಗುತ್ತೆ. ನಡಾವಳಿಯಲ್ಲಿ "ಪಾಳು" ಅನ್ನೋ ಪದ ಇದ್ದರೆ ತೆಗೆಸಿ "ಮೇವಿನ ಜೌಗು ಹುಲ್ಲುಗಾವಲು" ಅಂತ ಬರೆಸಿ. ಸಸಿ ನೆಡೋ ಕಾಮಗಾರಿ ರದ್ದು ಮಾಡಿ ಅಂತ ಕೇಳೋ ಬದಲು ಜಾಗ ಬದಲಿಸಿ ಅಂತ ಕೇಳಿ. ಜಾಲಿ ಬೇರು ತೆಗೆಯೋದು, ಹೂಳುಗುಂಡಿ, ಲಾವಂಚ ನಾಟಿ ಎಲ್ಲ ಕೂಲಿ ಸಿಗೋ ಕೆಲಸಗಳೇ ಅಂತಲೂ ಅರ್ಜಿಯಲ್ಲಿ ಸೇರಿಸಿ.

---

ಒಸರುನೆಲ

ಪಹಣಿ ತೆಗೆಸಿದೆ. 4 ಎಕರೆ 10 ಗುಂಟೆ ಗೋಮಾಳ, ಉಳಿದದ್ದು ಕೆರೆ ಅಂಗಳ. ಬರೋ ಸಭೆಗೆ ಮುಂಚೆ ಮೊದಲ ಹಗ್ಗದ ಲೆಕ್ಕ ಮುಗಿಸಿ ಪಟ್ಟಿಯನ್ನು ಇಲ್ಲೇ ಹಾಕ್ತೀನಿ, ಜೇಕಿನ ಕಾಳಿನ ಫೋಟೊ ಸಮೇತ.